‘ಸಾರ್ವಜನಿಕ ಮನೆ’ಯ ಯಜಮಾನಿ

ಪಬ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಂಥ ಹೆಂಗಸರ ಮೂಗು ತಾನಾಗಿಯೇ ಮುರಿಯುತ್ತದೆ. ಮಬ್ಬು ಬೆಳಕು, ಎದೆ ನಡುಗಿಸುವ ಸಂಗೀತ, ನೀರಿನಂತೆ ಹರಿಯುವ ದುಡ್ಡು, ಮನೆಯ ನೆನಪೇ ಇಲ್ಲದ ಹುಡುಗರು... ಪತ್ರಿಕೆಗಳೂ ಸಿನಿಮಾಗಳೂ ಸೇರಿ ನಮ್ಮ ಕಣ್ಣಮುಂದೆ ಕಟ್ಟಿರುವ ಚಿತ್ರ ಇಂಥದು. ಆದರೆ ಆ ಪದದ ಸಿಪ್ಪೆ ಸುಲಿದು ನೋಡಿದರೆ ಒಳಗಿರುವುದು ತೀರ ಸಾಧುವಾದ ಎರಡು ಮಾತುಗಳು: ‘ಪಬ್ಲಿಕ್ ಹೌಸ್’, ಎಂದರೆ ಸಾರ್ವಜನಿಕ ಮನೆ. ಮನೆ ಎಂದಮೇಲೆ ಮನೆಯಾಕೆ ಇರಲೇಬೇಕಲ್ಲ! ಇದ್ದಳು. ಇಂಗ್ಲೆಂಡಿನ ಹಳ್ಳಿಯ ಪಬ್ಬಿನ ವಂಶಾವಳಿ ಹಿಡಿದು ಹಿಂದಕ್ಕೆ ನಡೆದರೆ ನಾವು ಕೊನೆಗೆ ತಲುಪುವುದು ಒಬ್ಬ ಗೃಹಿಣಿಯ ಒಲೆಯ ಬಳಿಗೆ. ತಾನೇ ಆರಂಭಿಸಿದ ಆ ಮನೆಯಿಂದ ಅವಳು ಹೊರಬಿದ್ದದ್ದು ಹೇಗೆ, ಮತ್ತೆ ಮರ್ಯಾದೆಯಿಂದ ಒಳಗೆ ಬಂದು ಕೂರಲು ಅವಳಿಗೆ ಎಷ್ಟು ಕಾಲ ಹಿಡಿಯಿತು ಎಂಬ ಸಂಗತಿಯೇ ನನ್ನನ್ನು ಈ ಇತಿಹಾಸದತ್ತ ಎಳೆದದ್ದು.

ಕುಡಿತದ ಪರವಾಗಿ ವಕಾಲತ್ತು ವಹಿಸಲು ನಾನು ಹೊರಟಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಿಗೆ, ತಂದೆ ಕುಡಿದು ಬಂದ ರಾತ್ರಿಯ ಮರುದಿನ ತರಗತಿಯಲ್ಲಿ ತೂಕಡಿಸುವ ಮಕ್ಕಳ ಮುಖಗಳು ಮರೆಯುವಂಥವಲ್ಲ.

ಏಳುನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಚಹಾ ಇಲ್ಲ, ಕಾಫಿ ಇಲ್ಲ. ಅವೆರಡೂ ಆ ನಾಡಿಗೆ ಕಾಲಿಟ್ಟದ್ದು ಹದಿನೇಳನೆಯ ಶತಮಾನದಲ್ಲಿ. ಮನೆಮಂದಿಯೆಲ್ಲ ದಿನವೂ ಕುಡಿಯುತ್ತಿದ್ದದ್ದು ‘ಏಲ್’ ಎಂಬ ಜವೆಗೋಧಿಯ ಪಾನೀಯ. ನೀರನ್ನೂ ಕುಡಿಯುತ್ತಿದ್ದರು, ಆದರೆ ಹೊಲದಲ್ಲಿ ದುಡಿಯುವ ಮೈಗೆ ಏಲ್ ಅರ್ಧ ಊಟವಿದ್ದಂತೆ, ನಮ್ಮ ರೈತನಿಗೆ ರಾಗಿ ಅಂಬಲಿ ಇದ್ದಂತೆ. ಅದೇ ಹಿಟ್ಟಿಗೆ ಎರಡನೆಯ ಸಲ ನೀರು ಹಾಯಿಸಿ ತೆಗೆದ ತೆಳು ಏಲನ್ನು ಮಕ್ಕಳಿಗೂ ಕೊಡುತ್ತಿದ್ದರು.

ಅದನ್ನು ಮಾಡುವ ಬಗೆ ಕೇಳಿದರೆ ನಿಮಗೆ ಅಷ್ಟೇನೂ ಹೊಸದೆನಿಸದು. ಕಾಳನ್ನು ನೆನೆಹಾಕಿ ಮೊಳಕೆ ಬರಿಸಬೇಕು. ಮೊಳಕೆಯೊಡೆದ ಕಾಳನ್ನು ಬಿಸಿಗೆ ಒಣಗಿಸಿ ತರಿತರಿಯಾಗಿ ಬೀಸಬೇಕು. ಇಲ್ಲಿಯವರೆಗೆ ನಾವು ಕೂಸಿಗೆ ರಾಗಿಸರಿ ಮಾಡುವ ಕ್ರಮವೇ! ಆಮೇಲೆ ಆ ಹಿಟ್ಟನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿಯಾದ ರಸ ಇಳಿಯುತ್ತದೆ. ರಸವನ್ನು ಬಸಿದು, ಆರಿದ ಮೇಲೆ ಹಿಂದಿನ ಸಲದ ನೊರೆಯನ್ನು ಹೆಪ್ಪಿನ ಹಾಗೆ ಬೆರೆಸಿಟ್ಟರೆ ದೋಸೆಹಿಟ್ಟಿನಂತೆ ಹುದುಗೇಳುತ್ತದೆ. ಕೊಡಗಟ್ಟಲೆ ನೀರು ಹೊರಬೇಕು, ಹೊರೆಗಟ್ಟಲೆ ಸೌದೆ ಉರಿಸಬೇಕು. ಇಷ್ಟು ಬೆವರು ಸುರಿಸಿ ಮಾಡಿದ ಏಲ್ ಕೆಲವೇ ದಿನಗಳಲ್ಲಿ ಹುಳಿಯಾಗಿಬಿಡುತ್ತಿತ್ತು. ಹೀಗಾಗಿ ಒಂದು ಮನೆಯಾಕೆ ಒಮ್ಮೆ ಹೆಚ್ಚಾಗಿ ಮಾಡಿ, ತನ್ನ ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದದ್ದನ್ನು ನೆರೆಹೊರೆಗೆ ಮಾರುತ್ತಿದ್ದಳು. ಮುಂದಿನ ವಾರ ಇನ್ನೊಬ್ಬಳ ಸರದಿ.

ಏಲ್ ಸಿದ್ಧವಾಯಿತೆಂದು ಊರಿಗೆ ತಿಳಿಸಬೇಡವೇ? ಉದ್ದನೆಯ ಕೋಲಿನ ತುದಿಗೆ ಒಂದು ಕಂತೆ ಸೊಪ್ಪು ಕಟ್ಟಿ ಬಾಗಿಲ ಮೇಲೆ ಚಾಚುವಂತೆ ಸಿಕ್ಕಿಸಿದರೆ ಆಯಿತು. ಅಕ್ಕಪಕ್ಕದವರು ಹೂಜಿ ಹಿಡಿದು ಬಂದರು. ಹೊಲದಿಂದ ಬಂದವರು ಅಲ್ಲೇ ಬೆಂಚಿನ ಮೇಲೆ ಕುಳಿತು ಕುಡಿದರು. ಕುಳಿತವರು ಮಳೆ-ಬೆಳೆಯ ಮಾತು, ಊರಿನ ಸುದ್ದಿ ತೆಗೆದರು. ಪಬ್ಬು ಮೊಳಕೆಯೊಡೆದದ್ದು ಹೀಗೆ.

ಈ ಹೆಂಗಸರ ವಿಚಾರ ನಮಗೆ ತಿಳಿದಿರುವುದೂ ಒಂದು ವಿಚಿತ್ರ ದಾರಿಯಿಂದ. 1266-67ರ ಸುಮಾರಿಗೆ ಮೂರನೆಯ ಹೆನ್ರಿಯ ಕಾಲದಲ್ಲಿ ರೊಟ್ಟಿ ಮತ್ತು ಏಲಿನ ಬೆಲೆ, ಅಳತೆಗಳನ್ನು ಗೊತ್ತುಮಾಡುವ ಕಾನೂನು ಬಂತು. ಏಲನ್ನು ರುಚಿ ನೋಡಿ ಗುಣ ಹೇಳಲು ಊರೂರಿಗೆ ಒಬ್ಬ ಅಧಿಕಾರಿ. ಅವನಿಗೆ ಹೇಳಿ ಕಳಿಸದಿದ್ದರೆ ದಂಡ, ಅಳತೆ ಕಡಿಮೆಯಾದರೆ ದಂಡ, ಬೆಲೆ ಹೆಚ್ಚಾದರೆ ದಂಡ. ಎಷ್ಟೋ ಕಡೆ ಇದು ಶಿಕ್ಷೆಗಿಂತ ಹೆಚ್ಚಾಗಿ ಲೈಸೆನ್ಸ್ ಶುಲ್ಕದಂತೆಯೇ ನಡೆಯುತ್ತಿತ್ತಂತೆ. ಆ ದಂಡದ ಲೆಕ್ಕಗಳು ಜಮೀನ್ದಾರಿ ನ್ಯಾಯಾಲಯಗಳ ಚರ್ಮದ ಸುರುಳಿಗಳಲ್ಲಿ ಉಳಿದುಕೊಂಡಿವೆ. ಜೂಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ ಅವನ್ನು ಸಾಲುಸಾಲಾಗಿ ಓದಿದರು. ನಾರ್ತಾಂಪ್ಟನ್‌ಶೈರಿನ ಬ್ರಿಗ್‌ಸ್ಟಾಕ್ ಎಂಬ ಊರಿನಲ್ಲಿ, 1348ರ ಮಹಾಮಾರಿ ಪ್ಲೇಗಿಗೆ ಮುಂಚೆ, ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ ಹೆಂಗಸು ಒಂದಲ್ಲ ಒಂದು ಸಲ ಏಲ್ ಮಾಡಿ ಮಾರಿದ್ದಳೆಂದು ಅವರು ಕಂಡುಕೊಂಡರು. ರಾಜರ ಯುದ್ಧಗಳನ್ನು ಬರೆದಿಟ್ಟವರು ಈ ಹೆಂಗಸರನ್ನು ಬರೆದಿಡಲಿಲ್ಲ. ಬಡಿಸಿದ ಕೈಗೆ ಹೆಸರಿಲ್ಲ. ದಂಡ ಕಟ್ಟಿದ ಕೈಗೆ ಮಾತ್ರ ಹೆಸರು ಉಳಿಯಿತು!

ಭಾಷೆಯೂ ಈ ಮಾತಿಗೆ ಸಾಕ್ಷಿ ಹೇಳುತ್ತದೆ. ವ್ಯಾಕರಣ ಪಾಠದಲ್ಲಿ ಲಿಂಗ ಬದಲಿಸುವ ಪಟ್ಟಿಯನ್ನು ಕರಿಹಲಗೆಯ ಮೇಲೆ ನಾನೆಷ್ಟು ಸಲ ಬರೆದಿದ್ದೇನೋ! ‘ಬ್ಯಾಚುಲರ್’ಗೆ ಎದುರು ‘ಸ್ಪಿನ್ಸ್‌ಟರ್’. ಈ ಪದದ ಮೂಲಾರ್ಥ ನೂಲುವವಳು. ಹಳೆಯ ಇಂಗ್ಲಿಷಿನಲ್ಲಿ ಈ ‘ಸ್ಟರ್’ ಎಂಬ ಬಾಲ ಸ್ತ್ರೀಯನ್ನು ಸೂಚಿಸುತ್ತಿತ್ತು. ಅದೇ ರೀತಿ ಹುದುಗು ಪಾನೀಯ ಮಾಡುವವಳು ‘ಬ್ರೂಸ್ಟರ್’, ರೊಟ್ಟಿ ಸುಡುವವಳು ‘ಬ್ಯಾಕ್ಸ್‌ಟರ್’, ನೇಯುವವಳು ‘ವೆಬ್‌ಸ್ಟರ್’. ನಮ್ಮ ಶಾಲೆಯ ಕಪಾಟಿನಲ್ಲಿದ್ದ ದಪ್ಪ ನಿಘಂಟಿನ ಬೆನ್ನಮೇಲೆ ವೆಬ್‌ಸ್ಟರ್ ಎಂಬ ಹೆಸರು ಕಂಡಾಗಲೆಲ್ಲ, ಯಾವ ಕಾಲದ ಯಾವ ನೇಕಾರಗಿತ್ತಿಯ ನೆರಳಪ್ಪ ಇದು ಎನಿಸುತ್ತದೆ. ಕಸುಬು ಗಂಡಸರ ಪಾಲಾಯಿತು, ಹೆಸರಿನ ಬಾಲ ಮಾತ್ರ ಹೆಣ್ಣಿನದಾಗಿ ಉಳಿಯಿತು.

ಕೈಬದಲಾದದ್ದು ಹೇಗೆ? ಯಾರೋ ಒಂದು ದಿನ ಬಂದು ಅವಳನ್ನು ಕೈಹಿಡಿದು ಹೊರಗೆ ದಬ್ಬಲಿಲ್ಲ. ಪ್ಲೇಗಿನ ಬಳಿಕ ಬದುಕುಳಿದ ಕೂಲಿಕಾರರಿಗೆ ಹೆಚ್ಚು ಕೂಲಿ ಸಿಕ್ಕಿತು, ಏಲಿಗೆ ಗಿರಾಕಿಗಳು ಹೆಚ್ಚಿದರು, ವ್ಯಾಪಾರದಲ್ಲಿ ಲಾಭ ಕಾಣತೊಡಗಿತು. ಅದರ ಜೊತೆಗೆ ಸಮುದ್ರದಾಚೆಯ ಫ್ಲಾಂಡರ್ಸ್, ಹಾಲೆಂಡ್ ಕಡೆಯಿಂದ ‘ಹಾಪ್ಸ್’ ಎಂಬ ಬಳ್ಳಿಯ ಹೂ ಬಂತು. ಆ ಕಹಿ ಹೂವನ್ನು ಹಾಕಿ ಕುದಿಸಿದ ಪಾನೀಯವೇ ಬಿಯರ್. ಉಪ್ಪಿನಕಾಯಿಗೆ ಉಪ್ಪು-ಎಣ್ಣೆ ಇದ್ದಂತೆ, ಹಾಪ್ಸ್ ಅದನ್ನು ಕೆಡದಂತೆ ಕಾಯುತ್ತದೆ. ಹದಿನೈದನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲೇ ಬಿಯರ್ ತಯಾರಿಕೆ ಬೇರೂರಿತು. ತಿಂಗಳುಗಟ್ಟಲೆ ಕೆಡದ ಸರಕೆಂದರೆ ಪೀಪಾಯಿಯಲ್ಲಿ ತುಂಬಿ ದೂರದೂರಿಗೆ ಕಳಿಸಬಹುದು, ಸೈನ್ಯಕ್ಕೆ ಒದಗಿಸಬಹುದು. ಆದರೆ ಅದಕ್ಕೆ ದೊಡ್ಡ ತಾಮ್ರದ ಹಂಡೆಗಳು ಬೇಕು, ಆಳುಗಳು ಬೇಕು, ಸಾಲ ಬೇಕು. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಒಪ್ಪಂದ ಮಾಡಿಕೊಳ್ಳಲು ಅಂದಿನ ಕಾನೂನು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. ಅವಳ ಆಸ್ತಿ, ಸಂಪಾದನೆ ಎಲ್ಲವೂ ಗಂಡನ ಲೆಕ್ಕಕ್ಕೆ. ಹಿತ್ತಲ ಒಲೆಯಿಂದ ಕಸುಬು ಕಾರ್ಖಾನೆಗೆ ಹೋದಾಗ ಅವಳಿಗೆ ಅಲ್ಲಿ ಬಾಗಿಲಿರಲಿಲ್ಲ. 1600ರ ಹೊತ್ತಿಗೆ ಪಟ್ಟಣಗಳಲ್ಲಿ ಈ ಕಸುಬು ಬಹುಮಟ್ಟಿಗೆ ಗಂಡಸರ ಕೈಸೇರಿತ್ತು. ನೆಟ್ಟವಳೊಬ್ಬಳು, ಕೊಯ್ದವನೊಬ್ಬ.

ಇಷ್ಟು ಸಾಲದೆಂಬಂತೆ ಅವಳನ್ನು ನಗೆಪಾಟಲು ಮಾಡುವ ಸಾಹಿತ್ಯವೂ ಬೆಳೆಯಿತು. ಚೆಸ್ಟರ್ ನಗರದ ಹಳೆಯ ಧಾರ್ಮಿಕ ನಾಟಕವೊಂದರಲ್ಲಿ ಕ್ರಿಸ್ತನು ನರಕಕ್ಕೆ ಇಳಿದು ಎಲ್ಲ ಆತ್ಮಗಳನ್ನೂ ಬಿಡಿಸುತ್ತಾನೆ. ಅಳತೆಯಲ್ಲಿ ಮೋಸ ಮಾಡಿದ ಒಬ್ಬ ಏಲ್ ಮಾರುವವಳು ಮಾತ್ರ ಹಿಂದೆ ಉಳಿಯುತ್ತಾಳೆ! ಎಂಟನೆಯ ಹೆನ್ರಿಗೆ ಬಾಲ್ಯದಲ್ಲಿ ಗುರುವಾಗಿದ್ದ ಜಾನ್ ಸ್ಕೆಲ್ಟನ್ ಎಂಬ ಕವಿ 1517ರ ಸುಮಾರಿಗೆ ಸರ್ರೆ ಪ್ರಾಂತದ ಲೆದರ್‌ಹೆಡ್ ಊರಿನ ಎಲಿನರ್ ರಮ್ಮಿಂಗ್ ಎಂಬುವಳ ಮೇಲೆ ಉದ್ದನೆಯ ಪದ್ಯವನ್ನೇ ಬರೆದ. ಅವಳ ಸುಕ್ಕುಗಟ್ಟಿದ ಮುಖ, ಕೊಳಕು ಬಟ್ಟೆ, ಪಾತ್ರೆಯ ಮೇಲೆ ಕುಳಿತು ಗಲೀಜು ಮಾಡುವ ಕೋಳಿಗಳು... ಒಂದನ್ನೂ ಬಿಡಲಿಲ್ಲ ಪುಣ್ಯಾತ್ಮ. ಇದೆಲ್ಲ ಕವಿಯ ಕಲ್ಪನೆ ಎಂದೇ ಬಹುಕಾಲ ತಿಳಿದಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ದಾಖಲೆ ಬಿಚ್ಚಿ ನೋಡಿದರೆ, ಅದೇ ಊರಿನಲ್ಲಿ ಅದೇ ಹೆಸರಿನ ಹೆಂಗಸು 1525ರಲ್ಲಿ ದಂಡ ತೆತ್ತದ್ದು ಕಾಣಿಸಿತು. ಪದ್ಯದೊಳಗಿನ ರಾಕ್ಷಸಿಗೂ ದಾಖಲೆಯೊಳಗಿನ ಸಣ್ಣ ವ್ಯಾಪಾರಿಗೂ ಎಷ್ಟು ಅಂತರ! ನಿಜವಾದ ಎಲಿನರ್ ಬೆಳಗಾಗೆದ್ದು ನೀರು ಹೊತ್ತು, ಒಲೆ ಹಚ್ಚಿ, ಬಂದವರಿಗೆ ಅಳೆದು ಕೊಟ್ಟು ಹೊಟ್ಟೆ ಹೊರೆದುಕೊಂಡಿದ್ದಳು. ತನ್ನ ಮಾತನ್ನು ಬರೆದಿಡಲು ಅವಳಿಗೆ ಅಕ್ಷರವಿರಲಿಲ್ಲವೋ ಬಿಡುವಿರಲಿಲ್ಲವೋ, ಕವಿಯ ಮಾತೇ ನಿಂತಿತು.

ಬಾಗಿಲ ಕೋಲಿನ ಕಥೆಯೂ ಬೆಳೆಯಿತು. 1393ರಲ್ಲಿ ಎರಡನೆಯ ರಿಚರ್ಡ್ ದೊರೆ, ಏಲ್ ಮಾರುವವರು ಮನೆಯ ಮುಂದೆ ಗುರುತಿನ ಫಲಕ ತೂಗುಹಾಕಲೇಬೇಕೆಂದು ವಿಧಿಸಿದ. ಓದಲು ಬಾರದ ಜನ, ಆದ್ದರಿಂದ ಚಿತ್ರದ ಫಲಕ. ಬಿಳಿಯ ಸಾರಂಗ ರಿಚರ್ಡನ ಲಾಂಛನವಾಗಿತ್ತು. ಇಂದಿಗೂ ‘ವೈಟ್ ಹಾರ್ಟ್’ ಎಂಬ ಹೆಸರಿನ ಪಬ್ಬುಗಳು ಆ ನಾಡಿನ ಉದ್ದಗಲಕ್ಕೂ ಇವೆ. 1651ರಲ್ಲಿ ವೂಸ್ಟರ್ ಕಾಳಗದಲ್ಲಿ ಸೋತ ಎರಡನೆಯ ಚಾರ್ಲ್ಸ್ ಒಂದು ಓಕ್ ಮರದಲ್ಲಿ ಅಡಗಿ ಪಾರಾದ. ಅದರಿಂದ ‘ರಾಯಲ್ ಓಕ್’ ಎಂಬ ಹೆಸರು ಹುಟ್ಟಿತು. ಒಂದೂರಿನಿಂದ ಇನ್ನೊಂದೂರಿಗೆ ಪಬ್ಬಿನ ಫಲಕಗಳನ್ನು ನೋಡುತ್ತ ಹೋದರೆ ಇಂಗ್ಲೆಂಡಿನ ಚರಿತ್ರೆಯ ಅರ್ಧ ಪಾಠ ಮುಗಿದಂತೆ. ನಮ್ಮ ಮಕ್ಕಳು ದೊರೆಗಳ ಇಸವಿಗಳನ್ನು ಉರುಹೊಡೆಯಲು ಪಡುವ ಪಾಡು ನೆನೆದರೆ, ಇಂಥ ಫಲಕಗಳು ನಮ್ಮಲ್ಲೂ ಇದ್ದಿದ್ದರೆ ಎನಿಸುತ್ತದೆ!

ಆಗ ಮೂರು ಬಗೆಯ ಮನೆಗಳಿದ್ದವು. ಪ್ರಯಾಣಿಕರಿಗೆ ಹಾಸಿಗೆ, ಕುದುರೆಗೆ ಲಾಯ ಕೊಡುವುದು ‘ಇನ್’, ಉಳ್ಳವರಿಗೆ ದ್ರಾಕ್ಷಾರಸ ಮಾರುವುದು ‘ಟ್ಯಾವರ್ನ್’, ಬಡವರದು ‘ಏಲ್‌ಹೌಸ್’. 1552ರ ಕಾಯಿದೆಯಿಂದ ಏಲ್‌ಹೌಸ್ ನಡೆಸಲು ನ್ಯಾಯಾಧೀಶರ ಪರವಾನಗಿ ಕಡ್ಡಾಯವಾಯಿತು. 1577ರಲ್ಲಿ ಸರ್ಕಾರ ಎಣಿಕೆ ಮಾಡಿಸಿದಾಗ ಲೆಕ್ಕ ಕೊಟ್ಟ ಪ್ರಾಂತಗಳಲ್ಲೇ 14,000ಕ್ಕೂ ಹೆಚ್ಚು ಏಲ್‌ಹೌಸುಗಳು, 1,600ಕ್ಕೂ ಹೆಚ್ಚು ಇನ್‌ಗಳು, 300ಕ್ಕೂ ಹೆಚ್ಚು ಟ್ಯಾವರ್ನ್‌ಗಳು ಸಿಕ್ಕವು. ಬಡ ವಿಧವೆಯರಿಗೆ ಪರವಾನಗಿ ಕೊಡುವ ರೂಢಿ ಇತ್ತು. ಊರಿನ ಧರ್ಮದ ದುಡ್ಡಿಗೆ ಅವಳು ಕೈಯೊಡ್ಡುವುದು ತಪ್ಪುತ್ತದಲ್ಲ, ಅದಕ್ಕೆ. ಹೀಗೆ ಕಸುಬಿನ ಲಾಭ ದೊಡ್ಡ ತಯಾರಕರಿಗೆ ಹೋಯಿತು. ಪಾತ್ರೆ ತೊಳೆದು, ಅಳೆದುಕೊಟ್ಟು, ಕುಡುಕರ ಮಾತು ಕೇಳುವ ಕೆಲಸ ಮಾತ್ರ ಹೆಂಗಸಿಗೆ ಉಳಿಯಿತು.

ಇಂದು ನಾವು ಚಿತ್ರಗಳಲ್ಲಿ ಕಾಣುವ ಪಬ್ಬು, ಎಂದರೆ ಹೊಳೆಯುವ ಮರದ ಕಟ್ಟೆ, ಹಿತ್ತಾಳೆಯ ಹಿಡಿ, ಕೆತ್ತನೆಯ ಗಾಜು, ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. ನೆಲಮಾಳಿಗೆಯಿಂದ ಬಿಯರ್ ಎಳೆಯುವ ಕೈಪಂಪಿಗೆ ಜೋಸೆಫ್ ಬ್ರಾಮ ಎಂಬಾತ 1797ರಲ್ಲಿ ಪೇಟೆಂಟ್ ಪಡೆದ. ಜಿನ್ ಎಂಬ ಉಗ್ರ ಮದ್ಯದ ಹಾವಳಿ ತಗ್ಗಿಸಲು ಬಿಯರೇ ವಾಸಿ ಎಂಬ ಲೆಕ್ಕಾಚಾರವೂ ಸೇರಿ 1830ರಲ್ಲಿ ಹೊಸ ಕಾಯಿದೆ ಬಂತು. ತೆರಿಗೆ ಕಟ್ಟುವ ಯಾರಾದರೂ ಎರಡು ಗಿನಿ ಕೊಟ್ಟು ಬಿಯರ್ ಮಾರಬಹುದಾಯಿತು. ಒಂದು ವರ್ಷದೊಳಗೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಅಂಗಡಿಗಳು ತೆರೆದವು.

ಆ ಕಾಲದ ಪಬ್ಬಿನೊಳಗೆ ಸಮಾಜವೇ ಗೋಡೆ ಕಟ್ಟಿಕೊಂಡು ಕುಳಿತಿತ್ತು. ಕೂಲಿಕಾರರಿಗೆ ‘ಪಬ್ಲಿಕ್ ಬಾರ್’, ನೆಲಕ್ಕೆ ಬರೀ ಹಲಗೆ. ಬಿಳಿ ಕಾಲರಿನವರಿಗೆ ಜಮಖಾನದ ‘ಸಲೂನ್’. ಅದೇ ಬಿಯರ್, ಬೆಲೆ ತುಸು ಹೆಚ್ಚು. ಕೆಲವೆಡೆ ಕಟ್ಟೆಯ ಮೇಲೆ ಮುಖದ ಎತ್ತರಕ್ಕೆ ತಿರುಗುವ ಗಾಜಿನ ತೆರೆಗಳು. ಬಡಿಸುವವಳಿಗೆ ದೊಡ್ಡವರ ಮುಖ ಕಾಣಬಾರದಂತೆ! ಲಂಡನ್ನಿನ ‘ದ ಲ್ಯಾಂಬ್’ ಎಂಬ ಪಬ್ಬಿನಲ್ಲಿ ಅಂಥ ತೆರೆಗಳು ಇನ್ನೂ ಉಳಿದಿವೆ. ಹೆಂಗಸರಿಗೆ? ಅವರಿಗೆ ‘ಸ್ನಗ್’ ಎಂಬ ಪುಟ್ಟ ಕೋಣೆ, ಕೆಲವು ಕಡೆ ಅದಕ್ಕೆ ಪ್ರತ್ಯೇಕ ಬಾಗಿಲು. ಇಲ್ಲವೇ ಹೊರಗಿನ ಕಿಂಡಿಯಲ್ಲಿ ಹೂಜಿ ಚಾಚಿ ಮನೆಗೆ ಒಯ್ಯಬೇಕು. ಎಷ್ಟೋ ತಾಯಂದಿರು ಮಕ್ಕಳನ್ನೇ ಕಳಿಸುತ್ತಿದ್ದರು. 1901ರಲ್ಲಿ ಹದಿನಾಲ್ಕು ವರ್ಷದೊಳಗಿನವರ ಕೈಗೆ ಮುಚ್ಚಿ ಮೊಹರು ಮಾಡದ ಪಾತ್ರೆಯಲ್ಲಿ ಮದ್ಯ ಕೊಡಬಾರದೆಂಬ ಕಾಯಿದೆ ಬಂತು. ಹಾದಿಯಲ್ಲಿ ಮಕ್ಕಳು ಒಂದೊಂದು ಗುಟುಕು ಏರಿಸುತ್ತಿದ್ದರು ನೋಡಿ!

ಮನೆಯಲ್ಲಿ ಕಾಯುತ್ತಿದ್ದ ಹೆಂಗಸಿನ ಕಡೆಯಿಂದಲೂ ಈ ಕಥೆಯನ್ನು ಹೇಳಬೇಕು. ಆಗ ಅನೇಕ ಕಡೆ ವಾರದ ಕೂಲಿಯನ್ನು ಪಬ್ಬಿನಲ್ಲೇ ಬಟವಾಡೆ ಮಾಡುತ್ತಿದ್ದರು. ಮೇಸ್ತ್ರಿ ಬರುವುದು ತಡ. ಕಾಯುವ ಹೊತ್ತಿನಲ್ಲಿ ಒಂದು ಲೋಟ, ಇನ್ನೊಂದು ಲೋಟ. ಕೂಲಿ ಕೈಗೆ ಬರುವ ಮೊದಲೇ ಅರ್ಧ ಕರಗಿರುತ್ತಿತ್ತು. ಗಣಿಗಳಲ್ಲಿ ಈ ಪದ್ಧತಿಯನ್ನು ಮುಂಚೆಯೇ ತಡೆದಿದ್ದರು. ಉಳಿದ ಕೂಲಿಕಾರರಿಗೂ ಪಬ್ಬಿನಲ್ಲಿ ಸಂಬಳ ಕೊಡಕೂಡದೆಂಬ ಕಾಯಿದೆಯಾದದ್ದು 1883ರಲ್ಲಿ. ದುಡಿದು ತಂದ ನಾಲ್ಕು ಕಾಸನ್ನು ಮದುವೆಯಾದ ಹೆಂಗಸು ತನ್ನದೆಂದು ಇಟ್ಟುಕೊಳ್ಳುವ ಹಕ್ಕೂ ಆ ನಾಡಿನಲ್ಲಿ 1870ರ ತನಕ ಇರಲಿಲ್ಲ. ಹೀಗಿರುವಾಗ 1876ರಲ್ಲಿ ಮದ್ಯದ ವಿರುದ್ಧ ಬ್ರಿಟಿಷ್ ಮಹಿಳೆಯರ ಸಂಘ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿಯುತ್ತ ಕಲಿಯುತ್ತ ಸಾರಾಯಿ ಅಂಗಡಿ ಮುಚ್ಚಿಸಿದ್ದು, ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದದ್ದು ನಮಗೆಲ್ಲ ನೆನಪಿದೆ. ಸಂಬಳದ ಸಂಜೆ ಬಾಗಿಲಲ್ಲಿ ನಿಂತು ದಾರಿ ನೋಡುವ ಹೆಂಗಸಿಗೆ ಯಾವ ದೇಶವಾದರೇನು, ಸಂಕಟ ಒಂದೇ.

ಆದರೆ ಅದೇ ಹೊತ್ತಿನಲ್ಲಿ ಪಬ್ಬಿನೊಳಗೆ ದುಡಿಯುತ್ತಿದ್ದ ಹೆಂಗಸರೂ ಇದ್ದರಲ್ಲ, ಅವರ ಗತಿ? 1908ರಲ್ಲಿ ಇಂಗ್ಲೆಂಡಿನ ಸರ್ಕಾರ ತಂದ ಮಸೂದೆಯೊಂದರಲ್ಲಿ, ‘ಬಾರ್‌ಮೇಡ್’ ಎಂದು ಕರೆಯುವ ಈ ಹುಡುಗಿಯರನ್ನು ಕೆಲಸದಿಂದ ದೂರವಿಡಲು ಅಧಿಕಾರ ಕೊಡುವ ಕಲಮು ಇತ್ತು. ಅವರ ಶೀಲದ ರಕ್ಷಣೆಗಾಗಿ ಎಂಬುದು ಕಾರಣ. ಶೀಲ ಉಳಿಸಿದ ಮಹನೀಯರು ಅನ್ನ ಎಲ್ಲಿಂದ ಕೊಡುತ್ತಾರೆ ಎಂದು ಕೇಳಿದವರು ಈವಾ ಗೋರ್-ಬೂತ್ ಮತ್ತು ಎಸ್ತರ್ ರೋಪರ್ ಎಂಬ ಇಬ್ಬರು ಗೆಳತಿಯರು. ಮತದಾನದ ಹಕ್ಕೇ ಇಲ್ಲದ ಹೆಂಗಸರು ಆ ವರ್ಷ ಮ್ಯಾಂಚೆಸ್ಟರಿನ ಉಪಚುನಾವಣೆಗೆ ಇಳಿದು, ಸರ್ಕಾರದ ಅಭ್ಯರ್ಥಿಯ ವಿರುದ್ಧ ಪ್ರಚಾರ ಮಾಡಿದರು. ಈವಾಳ ಅಕ್ಕ ಕಾನ್‌ಸ್ಟನ್ಸ್ ನಾಲ್ಕು ಬಿಳಿ ಕುದುರೆಗಳ ಸಾರೋಟನ್ನು ತಾನೇ ಓಡಿಸಿಕೊಂಡು ಬೀದಿಬೀದಿ ಸುತ್ತಿದಳು. ಅಭ್ಯರ್ಥಿ ಸೋತ. ಅವನ ಹೆಸರು ವಿನ್‌ಸ್ಟನ್ ಚರ್ಚಿಲ್! ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಬಾರ್‌ಮೇಡುಗಳ ಕಲಮೂ ಬಿದ್ದುಹೋಯಿತು. ಸುಮಾರು ನೂರು ವರ್ಷಗಳ ನಂತರ, 2007ರಲ್ಲಿ, ದೆಹಲಿಯಲ್ಲಿ ಜಾರಿಯಲ್ಲಿದ್ದ ಇಂಥದೇ ನಿರ್ಬಂಧವನ್ನು ನಮ್ಮ ಸುಪ್ರೀಂ ಕೋರ್ಟು ರದ್ದುಮಾಡಿತು. ಹೆಣ್ಣಿಗೆ ರಕ್ಷಣೆ ಕೊಡಿ, ಅವಳ ಕೆಲಸ ಕಿತ್ತುಕೊಂಡು ಅದನ್ನೇ ರಕ್ಷಣೆ ಎನ್ನಬೇಡಿ ಎಂಬುದೇ ಎರಡೂ ಕಡೆಯ ಸಾರ.

ಮೊದಲ ಮಹಾಯುದ್ಧ ಬಂದಾಗ ಪಬ್ಬಿನ ಬಾಗಿಲು ತೆರೆಯುವ ಹೊತ್ತಿಗೆ ಕಟ್ಟುನಿಟ್ಟು ಬಂತು. ಮಧ್ಯಾಹ್ನ ಮುಚ್ಚಬೇಕೆಂಬ ನಿಯಮ ಯುದ್ಧ ಮುಗಿದರೂ ಮುಗಿಯದೆ 1988ರವರೆಗೆ ನಡೆಯಿತು. ಸ್ಕಾಟ್ಲೆಂಡ್ ಗಡಿಯ ಗ್ರೆಟ್ನಾದಲ್ಲಿ ದೊಡ್ಡ ಮದ್ದುಗುಂಡಿನ ಕಾರ್ಖಾನೆ. ಸಾವಿರಾರು ಹೆಂಗಸರು ಅಲ್ಲಿ ಕೆಲಸಕ್ಕೆ. ಆ ಸೀಮೆಯ ಕುಡಿತ ಹತೋಟಿಗೆ ತರಲು ಸರ್ಕಾರ 1916ರಿಂದ ಕಾರ್ಲೈಲ್ ಸುತ್ತಿನ ಪಬ್ಬುಗಳನ್ನೂ ಬ್ರೂವರಿಗಳನ್ನೂ ತಾನೇ ಕೊಂಡು ನಡೆಸಿತು. ಊಟ, ಬೆಳಕು, ಕೂರಲು ಒಳ್ಳೆಯ ಜಾಗ ಒದಗಿಸಿ, ಗಟಗಟ ಕುಡಿದು ಹೋಗುವ ಅಂಗಡಿಯನ್ನು ಸಂಸಾರಸ್ಥರು ಬರುವ ಮನೆಯಾಗಿ ಮಾಡುವ ಪ್ರಯತ್ನ ಅದು. 1973ರ ತನಕ ಆ ವ್ಯವಸ್ಥೆ ಉಳಿಯಿತು.

ನಮ್ಮಂತೆ ಅಲ್ಲಿನವರಿಗೂ ಧಾರಾವಾಹಿಯ ಹುಚ್ಚು. 1960ರ ಡಿಸೆಂಬರಿನಲ್ಲಿ ಆರಂಭವಾದ ‘ಕೊರೊನೇಷನ್ ಸ್ಟ್ರೀಟ್’ ಎಂಬ ಟೆಲಿವಿಷನ್ ಧಾರಾವಾಹಿಯ ಕೇಂದ್ರ ಒಂದು ಪಬ್ಬು. ಅದರ ಸ್ನಗ್‌ನಲ್ಲಿ ಮೂವರು ಮುದುಕಿಯರು ಕುಳಿತು ಇಡೀ ಬೀದಿಯ ಜಾತಕ ಬಿಡಿಸುತ್ತಿದ್ದ ದೃಶ್ಯಗಳು ಮನೆಮಾತಾದವು. ಬಾವಿಕಟ್ಟೆಯ ಮಾತುಕತೆ ಬಲ್ಲ ನಮಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ಆದರೆ ಗಮನಿಸಿ, ಅವರು ಕುಳಿತದ್ದು ಸ್ನಗ್‌ನಲ್ಲೇ.

ಆ ಗೋಡೆಯನ್ನು ಕೆಡವಿದ್ದು ನ್ಯಾಯಾಲಯ. ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಆಗ ಪತ್ರಿಕೆಗಳ ಬೀದಿಯಾಗಿತ್ತು. ಅಲ್ಲಿನ ‘ಎಲ್ ವಿನೊ’ ಎಂಬ ವೈನ್ ಬಾರಿನಲ್ಲಿ ಹೆಂಗಸರು ಕಟ್ಟೆಯ ಬಳಿ ನಿಂತು ಕೇಳುವಂತಿರಲಿಲ್ಲ. ಒಳಗೆ ಹೋಗಿ ಮೇಜಿನ ಮುಂದೆ ಕುಳಿತರೆ ತಂದುಕೊಡುತ್ತಿದ್ದರು. ಕುಳಿತು ಕುಡಿಯುವುದು ಸುಖವಲ್ಲವೇ, ಇದಕ್ಕೇಕೆ ಜಗಳ ಎನ್ನಬೇಡಿ. ಪತ್ರಕರ್ತರು ಸುದ್ದಿ ವಿನಿಮಯ ಮಾಡಿಕೊಳ್ಳುತ್ತಿದ್ದದ್ದು ಆ ಕಟ್ಟೆಯ ಬಳಿಯೇ. ಅಲ್ಲಿ ನಿಲ್ಲದ ಪತ್ರಕರ್ತೆಗೆ ಸುದ್ದಿಯೇ ಸಿಗದು. ವಕೀಲೆ ಟೆಸ್ ಗಿಲ್, ಪತ್ರಕರ್ತೆ ಆನಾ ಕೂಟ್ ಮೊಕದ್ದಮೆ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ಸೋತು, 1982ರಲ್ಲಿ ಮೇಲ್ಮನವಿಯಲ್ಲಿ ಗೆದ್ದರು. 1975ರ ಲಿಂಗ ತಾರತಮ್ಯ ವಿರೋಧಿ ಕಾಯಿದೆಯ ಪ್ರಕಾರ ಆ ನಿಯಮ ತಪ್ಪು ಎಂದು ತೀರ್ಪಾಯಿತು. ತನ್ನ ಮನೆಬಾಗಿಲಿಗೆ ಕೋಲು ಸಿಕ್ಕಿಸಿ ಊರನ್ನು ಕರೆದವಳ ಮೊಮ್ಮಗಳ ಮೊಮ್ಮಗಳಿಗೆ ಕಟ್ಟೆಯ ಮುಂದೆ ನಿಲ್ಲುವ ಹಕ್ಕು ಸಿಗಲು ಎಷ್ಟು ತಲೆಮಾರು ಬೇಕಾಯಿತು, ಲೆಕ್ಕ ಹಾಕಿ.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಅವಳು ನನ್ನನ್ನು ಒಂದು ಹಳ್ಳಿಯ ಪಬ್ಬಿಗೆ ಕರೆದೊಯ್ದಿದ್ದಳು. ಒಳಗೆ ಕಾಲಿಡುವಾಗ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಿದ್ದೆ. ತಲೆ ತಾಗುವಂಥ ತೊಲೆಗಳು, ಉರಿಯುವ ಅಗ್ಗಿಷ್ಟಿಕೆ, ಮೇಜಿನಡಿ ಮಲಗಿದ ನಾಯಿ. ನಾವೇ ಕಟ್ಟೆಗೆ ಹೋಗಿ ಕೇಳಿ, ದುಡ್ಡು ಕೊಟ್ಟು, ತಂದುಕೊಳ್ಳಬೇಕು. ನಾನು ಚಹಾ ಕೇಳಿದೆ; ಯಾರೂ ತಿರುಗಿ ನೋಡಲಿಲ್ಲ. ಕಿಟಕಿಯ ಪಕ್ಕ ಒಬ್ಬ ಅಜ್ಜಿ ಅರ್ಧ ಲೋಟ ಮುಂದಿಟ್ಟುಕೊಂಡು ಪದಬಂಧ ತುಂಬುತ್ತಿದ್ದರು. ಮಾತು ಬೆಳೆಯಿತು. ಅವರ ತಾಯಿ ಜೀವಮಾನದಲ್ಲಿ ಹೂಜಿಯ ಕಿಂಡಿಯಿಂದ ಒಳಗೆ ಬಂದವರಲ್ಲವಂತೆ. ಗಂಡ ತೀರಿಕೊಂಡ ಮೇಲೆ ಈ ಅಜ್ಜಿ ದಿನವೂ ಸಂಜೆ ಒಂದು ಗಂಟೆ ಇಲ್ಲಿಗೆ ಬರುತ್ತಾರೆ. ಒಂದು ದಿನ ಬಾರದಿದ್ದರೆ ಪಬ್ಬಿನ ಯಜಮಾನಿ ಮನೆಯ ಬಾಗಿಲು ತಟ್ಟಿ ವಿಚಾರಿಸುತ್ತಾಳೆ. ಲೋಟದಲ್ಲಿರುವುದು ಒಂದು ನೆಪ ಎಂದು ನನಗೆ ಆಗ ಅನ್ನಿಸಿತು.

ಇಂಥ ಮನೆಗಳು ಈಗ ಒಂದೊಂದಾಗಿ ಮುಚ್ಚುತ್ತಿವೆ. 2000ದಲ್ಲಿ ಬ್ರಿಟನ್ನಿನಲ್ಲಿ ಸುಮಾರು 60,000 ಪಬ್ಬುಗಳಿದ್ದವು. 2020ರ ದಶಕದ ಹೊತ್ತಿಗೆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಸೂಪರ್‌ಮಾರ್ಕೆಟ್ಟಿನಲ್ಲಿ ಅಗ್ಗದ ಬಿಯರ್, ಏರಿದ ತೆರಿಗೆ, ಕಟ್ಟಡವನ್ನು ಮನೆ ಮಾಡಿ ಮಾರಿದರೆ ಸಿಗುವ ಹೆಚ್ಚು ಬೆಲೆ, ಇವೆಲ್ಲ ಕಾರಣಗಳು. 2020ರ ಮಾರ್ಚ್ 20ರಂದು ಕೋವಿಡ್‌ನಿಂದಾಗಿ ಎಲ್ಲ ಪಬ್ಬುಗಳಿಗೂ ಬೀಗ ಬಿತ್ತು. ಕೆಲವು ಮತ್ತೆ ತೆರೆಯಲಿಲ್ಲ. ಅಂಚೆ ಕಚೇರಿ ಹೋಗಿ, ಕಿರಾಣಿ ಅಂಗಡಿ ಹೋಗಿ, ಕೊನೆಗೆ ಪಬ್ಬೂ ಹೋದರೆ ಹಳ್ಳಿಗರು ಒಬ್ಬರ ಮುಖ ಒಬ್ಬರು ನೋಡುವುದೆಲ್ಲಿ? ಹಿಂದೆ ಹೇಳಿದ ಕಾರ್ಲೈಲಿಗೆ ದೂರವಲ್ಲದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯ ಜನ 2003ರಲ್ಲಿ ಸಹಕಾರ ಸಂಘ ಕಟ್ಟಿ, ‘ಓಲ್ಡ್ ಕ್ರೌನ್’ ಎಂಬ ತಮ್ಮ ಪಬ್ಬನ್ನು ತಾವೇ ಕೊಂಡುಕೊಂಡರು. 2011ರ ಕಾಯಿದೆಯ ಪ್ರಕಾರ ಊರಿನವರು ತಮ್ಮ ಪಬ್ಬನ್ನು ಸಮುದಾಯದ ಆಸ್ತಿ ಎಂದು ಪಟ್ಟಿಗೆ ಸೇರಿಸಿ, ಮಾರಾಟಕ್ಕೆ ಬಂದಾಗ ಹಣ ಹೊಂದಿಸಲು ಕಾಲಾವಕಾಶ ಕೇಳಬಹುದು. ಲಂಡನ್ನಿನ ನನ್‌ಹೆಡ್‌ನಲ್ಲಿ ‘ಐವಿ ಹೌಸ್’ ಎಂಬುದನ್ನು 2013ರಲ್ಲಿ ನೆರೆಹೊರೆಯವರೇ ಹೀಗೆ ಉಳಿಸಿಕೊಂಡರು. ಕೆಲವು ಹಳ್ಳಿಗಳಲ್ಲಿ ಪಬ್ಬಿನೊಳಗೇ ಅಂಚೆ ಕಚೇರಿಯನ್ನೂ ಅಂಗಡಿಯನ್ನೂ ತೆರೆದಿದ್ದಾರೆ. ನೆರೆಯವರಿಗಾಗಿ ತೆರೆದ ಮನೆ ಮತ್ತೆ ನೆರೆಯವರ ಕೈಗೇ ಬಂದಂತಾಯಿತು.

ಪಬ್ ಎಂಬ ಪದ ನಮ್ಮ ನಾಡಿಗೆ ಬಂದದ್ದು 1980ರ ದಶಕದಲ್ಲಿ, ಬೆಂಗಳೂರಿನ ಮೂಲಕ. ಪದ ಬಂತು, ಪಾನ ಬಂತು, ಅಬ್ಬರದ ಸಂಗೀತ ಬಂತು. ಊರಿನ ಅಜ್ಜಿ ಪದಬಂಧ ತುಂಬುತ್ತ ಕೂರುವ ಮೂಲೆ ಮಾತ್ರ ಹಡಗಿನಲ್ಲೇ ಉಳಿಯಿತೋ ಏನೋ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ಅಲ್ಲಿದ್ದ ಹುಡುಗಿಯರನ್ನು ಎಳೆದು ಹೊಡೆದದ್ದನ್ನು ನಾವೆಲ್ಲ ದೂರದರ್ಶನದ ಪರದೆಯ ಮೇಲೆ ನೋಡಿದೆವು. ಕುಡಿತ ಕೆಟ್ಟದ್ದೆಂಬುದು ಅವರ ಸಿಟ್ಟಿನ ಕಾರಣವಾಗಿದ್ದರೆ ಪಕ್ಕದ ಗಂಡಸರ ಬಾರುಗಳ ಹಾದಿ ಅವರಿಗೆ ತಿಳಿಯದ್ದಲ್ಲ. ಹೆಣ್ಣು ಎಲ್ಲಿ ಕೂರಬಹುದು ಎಂಬುದೇ ಅಲ್ಲಿ ಜಗಳದ ಮೂಲ.

ನಮ್ಮಂಥ ಪಟ್ಟಣಗಳಲ್ಲಿ ಒಮ್ಮೆ ಕಣ್ಣಾಡಿಸಿ. ಅರಳಿಕಟ್ಟೆ ಗಂಡಸರದು. ಬಸ್‌ನಿಲ್ದಾಣದ ಮುಂದಿನ ಕಾಫಿ ಹೋಟೆಲಿನ ಬೆಂಚು ಗಂಡಸರದು, ವಾಚನಾಲಯದ ಪತ್ರಿಕೆಯ ಮೇಜೂ ಅವರದೇ. ನಮಗೆ ಒಂದು ಕಾಲದಲ್ಲಿ ಬಾವಿಕಟ್ಟೆಯಿತ್ತು, ಹೊಳೆಯ ಬಟ್ಟೆಕಲ್ಲಿತ್ತು. ನಲ್ಲಿ ಬಂದು, ಯಂತ್ರ ಬಂದು, ಸೊಂಟದ ನೋವು ಕಡಿಮೆಯಾಯಿತು, ಜೊತೆಗೆ ಅವೂ ಹೋದವು. ಹೋಟೆಲುಗಳ ‘ಫ್ಯಾಮಿಲಿ ರೂಮ್’ ಎಂಬ ಪರದೆಯ ಕೋಣೆಗೂ ಆ ಸ್ನಗ್‌ಗೂ ಏನು ವ್ಯತ್ಯಾಸ ಹೇಳಿ. ದೇವಸ್ಥಾನದ ಜಗಲಿಯಿದೆ, ನಿಜ; ಅಲ್ಲೂ ಮಂಗಳಾರತಿ ಮುಗಿದಮೇಲೆ ಮನೆಯ ಒಲೆ ಕರೆಯುತ್ತದೆ. ನಮಗೆ ಪಬ್ಬು ಬೇಕಿಲ್ಲ. ಕೈಯಲ್ಲಿ ಕಾಫಿಲೋಟವೋ ಮಜ್ಜಿಗೆಯ ಲೋಟವೋ ಇದ್ದರೆ ಸಾಕು. ಏಕೆ ಬಂದೆ, ಯಾರ ಜೊತೆ ಬಂದೆ ಎಂದು ಯಾರೂ ಕೇಳದೆ, ಸಂಜೆ ಒಂದು ಗಂಟೆ ಕುಳಿತುಕೊಳ್ಳಬಹುದಾದ ಜಾಗ ಬೇಕು. ನಾಳೆ ನಾವು ಬಾರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುವ ಒಬ್ಬಳು ಅಲ್ಲಿರಬೇಕು. ಬ್ರಿಗ್‌ಸ್ಟಾಕಿನ ಹೆಂಗಸರು ಯಾರ ಅಪ್ಪಣೆಗೂ ಕಾಯದೆ ತಮ್ಮ ಮನೆಯ ಮುಂದೆಯೇ ಅಂಥದೊಂದು ಜಾಗ ಮಾಡಿಕೊಂಡಿದ್ದರು.